ಏಳು ಬೀಜದ ಕಥೆ ಹೇಳುವ ನಾವು ಬೀಜ ಬಿಚ್ಚಿ ನೋಡಿದ್ದೇವೆಯೇ?

ಮೊನ್ನೆ ಬೆಳಗ್ಗೆ ಮದ್ರಸ ಬಿಟ್ಟು ಮಕ್ಕಳೆಲ್ಲ ಶಾಲೆಗೆ ಓಡಿದ ಮೇಲೆ ಪಿಯುಸಿ ಓದುವ ಒಬ್ಬ ಹುಡುಗ ಪಳ್ಳಿಯ ಜಗಲಿಯಲ್ಲಿ ನಿಂತೇ ಇದ್ದ. ಹಿಂದೆ ನನ್ನ ಹತ್ತಿರ ಓದಿದವನು. ಕೈಯಲ್ಲಿ ಮೊಬೈಲ್. "ಉಸ್ತಾದ್, ಜೀನ್ ತಿದ್ದಿ ರಕ್ತದ ಕಾಯಿಲೆ ಗುಣ ಮಾಡ್ತಾರಂತೆ. ಅದು ಹಲಾಲಾ, ಹರಾಮಾ?" ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಅದೆಲ್ಲ ನಮ್ಮಲ್ಲಿ 1400 ವರ್ಷದ ಹಿಂದೆಯೇ ಹೇಳಿ ಆಗಿದೆ ಮೋನೆ" ಅಂದುಬಿಟ್ಟರು. ಹುಡುಗ ತಲೆ ಅಲ್ಲಾಡಿಸಿದ. ಅವನು ಕೇಳಿದ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು.

ಆ ಹಿರಿಯರನ್ನು ದೂರಲು ನನಗೆ ಹಕ್ಕಿಲ್ಲ. ಮೀಲಾದ್ ಸಭೆಗಳಲ್ಲಿ, ಉರೂಸ್ ಪ್ರವಚನಗಳಲ್ಲಿ ಎಷ್ಟೋ ವರ್ಷ ನಾನೂ ಅದನ್ನೇ ಹೇಳಿದವನು. ಎಲ್ಲೋ ಒಂದು ಸಂಶೋಧನೆ ಆಯಿತು ಅಂತ ಪೇಪರಲ್ಲಿ ಬಂದರೆ ಸಾಕು, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದಕ್ಕೊಂದು ಆಯತ್ ಹುಡುಕಿ ಹಾಕುವ ಪೈಪೋಟಿ. ನಾನು ಕೇಳುವುದಿಷ್ಟೆ: ಮೊದಲೇ ಗೊತ್ತಿದ್ದದ್ದಾದರೆ, ಅವರು ಕಂಡುಹಿಡಿಯುವ ತನಕ ನಾವ್ಯಾಕೆ ಸುಮ್ಮನಿದ್ದೆವು? ಖುರ್‌ಆನ್ ಹಿದಾಯತಿಗಾಗಿ ಬಂದ ಗ್ರಂಥ. ಅದನ್ನು ಬೇರೆಯವರ ಪ್ರಯೋಗಾಲಯದ ವರದಿಗೆ ಹಿಂದಿನಿಂದ ಒತ್ತುವ ಮೊಹರು ಮಾಡಿಕೊಂಡರೆ ಗೌರವ ಹೆಚ್ಚುವುದಿಲ್ಲ. ನಾಳೆ ವಿಜ್ಞಾನಿಗಳೇ ಆ ವರದಿ ತಪ್ಪು ಅಂದರೆ ಏನು ಮಾಡ್ತೀರಿ?

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಸಿಂಗಟಗೆರೆ ಕಾಫಿಯ ಊರಲ್ಲ, ತೆಂಗು ರಾಗಿಯ ಬಯಲುಸೀಮೆ. ಆದರೆ ಜಿಲ್ಲೆ ಚಿಕ್ಕಮಗಳೂರೇ ತಾನೆ. ಬಾಬಾ ಬುಡನ್ ಅವರು ಸುಮಾರು 1600ರ ಆಸುಪಾಸಿನಲ್ಲಿ ಹಜ್‌ ಮುಗಿಸಿ ಬರುವಾಗ ಯಮನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎಂಬ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ಭಾಷಣದಲ್ಲಿ ಅದನ್ನು ಹೇಳಿದರೆ ಚಪ್ಪಾಳೆ ಗ್ಯಾರಂಟಿ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆಮೇಲಿನದು ಹೆಚ್ಚಿನವರಿಗೆ ಗೊತ್ತಿಲ್ಲ. ನನಗೂ ಇತ್ತೀಚಿನವರೆಗೆ ಗೊತ್ತಿರಲಿಲ್ಲ.

ಕೆಲವೇ ಬೀಜದಿಂದ ಬೆಳೆದ ತೋಟ ಅಂದರೆ ಏನು? ಗಿಡಗಳೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಅರೇಬಿಕಾ ಗಿಡ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಹೊಸ ರಕ್ತ ಸೇರುವುದೂ ಕಡಿಮೆ. ಒಂದು ಗಿಡಕ್ಕೆ ತಡೆಯಲಾಗದ ರೋಗ ಯಾವ ಗಿಡಕ್ಕೂ ತಡೆಯುವುದಿಲ್ಲ. 1869ರ ಹೊತ್ತಿಗೆ ಸಿಲೋನಿನಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ಅಲ್ಲಿಯ ಕಾಫಿಯೇ ನಿರ್ನಾಮವಾಯಿತು. ಅವರು ಚಹಾ ಬೆಳೆಯಲು ಹೊರಟದ್ದು ಆಮೇಲೆ. ನಮ್ಮ ಮಲೆನಾಡಿನ ಹಳೆಯ 'ಚಿಕ್' ತಳಿಯೂ ಎಲೆತುಕ್ಕು ಮತ್ತು ಕಾಂಡಕೊರಕದ ಹೊಡೆತಕ್ಕೆ ಹೋಯಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಹುಟ್ಟಿದ್ದು ಈ ಸಂಕಟದಿಂದಲೇ. ಮಲೆನಾಡಿನ ತೋಟಗಳಲ್ಲಿ ಇವತ್ತಿಗೂ ಹೆಸರುವಾಸಿಯಾದ ಎಸ್. 795 ತಳಿ ಅಲ್ಲಿಯದು. ಅರೇಬಿಕಾಕ್ಕೆ ಲೈಬೀರಿಕಾ ಎಂಬ ಇನ್ನೊಂದು ಕಾಫಿಯ ರಕ್ತ ಸೇರಿದ ಗಿಡವನ್ನು ಆರಿಸಿ, ಕೆಂಟ್ಸ್ ತಳಿಯ ಜೊತೆ ಕೂಡಿಸಿ ಮಾಡಿದ್ದು.

2024ರ ಏಪ್ರಿಲ್‌ನಲ್ಲಿ ಅರೇಬಿಕಾದ ಇಡೀ ಜೀನೋಮ್, ಅಂದರೆ ಅದರ ವಂಶವಾಹಿಯ ಪೂರ್ತಿ ಬರಹ, ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಂಗಾಪುರ, ಅಮೆರಿಕ, ಯುರೋಪಿನವರೆಲ್ಲ ಸೇರಿ ಮಾಡಿದ ಕೆಲಸ. ಕಾಡಿನದ್ದು, ತೋಟದ್ದು ಸೇರಿಸಿ 39 ಗಿಡಗಳನ್ನು ಓದಿದರು. ಅದರಲ್ಲಿ 18ನೇ ಶತಮಾನದಲ್ಲಿ ಲಿನೇಯಸ್ ಈ ಗಿಡಕ್ಕೆ ಹೆಸರಿಡಲು ಬಳಸಿದ ಒಣಗಿದ ಮಾದರಿಯೂ ಒಂದು. ಗೊತ್ತಾದದ್ದೇನು? ಲಕ್ಷಾಂತರ ವರ್ಷಗಳ ಹಿಂದೆ ಆಫ್ರಿಕಾದ ಕಾಡಿನಲ್ಲಿ ಎರಡು ಬೇರೆ ಜಾತಿಯ ಕಾಫಿಗಳು ತಾವಾಗಿಯೇ ಕೂಡಿ ಅರೇಬಿಕಾ ಹುಟ್ಟಿತು. ಆ ಎರಡರಲ್ಲಿ ಒಂದು ನಮ್ಮ ರೊಬಸ್ಟಾದ ಜಾತಿ. ಮನುಷ್ಯ ಬೆಳೆಸಲು ಶುರು ಮಾಡುವ ಮೊದಲೇ ಅರೇಬಿಕಾದಲ್ಲಿ ವೈವಿಧ್ಯ ಕಡಿಮೆ ಇತ್ತು, ಯಮನ್ ದಾಟುವಾಗ ಅದು ಇನ್ನೂ ಬಡವಾಯಿತು. 1927ರಲ್ಲಿ ಟಿಮೋರ್ ದ್ವೀಪದಲ್ಲಿ ಸಿಕ್ಕ ಒಂದು ಮಿಶ್ರ ಗಿಡಕ್ಕೆ ತುಕ್ಕು ಹಿಡಿಯದೆ ಇದ್ದದ್ದಕ್ಕೆ ಕಾರಣವಾದ ಭಾಗ ಯಾವುದಿರಬಹುದು ಎಂಬುದನ್ನೂ ಅದೇ ಅಧ್ಯಯನ ಗುರುತಿಸಿತು. ಆ ವರದಿಯೊಳಗೆ ಬಾಬಾ ಬುಡನ್ ಅವರ ಏಳು ಬೀಜದ ಕಥೆಯೂ ಬರುತ್ತದೆ. ಓದಿದಾಗ ನನಗೆ ಖುಷಿಯೂ ಆಯ್ತು, ಒಂದು ರೀತಿಯ ಸಂಕೋಚವೂ ಆಯ್ತು. ಬೀಜ ತಂದವರ ಹೆಸರು ನಮ್ಮದು. ಬೀಜ ಬಿಚ್ಚಿ ಓದಿದವರ ಪಟ್ಟಿಯಲ್ಲಿ ನಾವು ಎಲ್ಲಿ?

ಉಕ್ಕಿನ ಕಥೆಯೂ ಹೀಗೇ. ದರ್ಸಿನಲ್ಲಿ ಅರಬಿ ಕಲಿತವರಿಗೆ 'ಮುಹನ್ನದ್' ಎಂಬ ಪದ ಗೊತ್ತು, ಹಳೆಯ ಅರಬಿ ಕವಿಗಳು ಒಳ್ಳೆಯ ಖಡ್ಗಕ್ಕೆ ಹೇಳುವ ಮಾತು. ಹಿಂದ್‌ನಲ್ಲಿ ಮಾಡಿದ್ದು ಅಂತ ಅರ್ಥ. ಇಂಗ್ಲಿಷಿನವರು ಅದೇ ಉಕ್ಕನ್ನು 'ವೂಟ್ಜ್' ಅಂದರು, ಅದು ನಮ್ಮ ಕನ್ನಡದ 'ಉಕ್ಕು' ಪದವೇ ಕೆಟ್ಟು ಆದದ್ದು ಎನ್ನುತ್ತಾರೆ. ಮೈಸೂರು ಸೀಮೆಯಲ್ಲೂ ದಕ್ಷಿಣದ ಬೇರೆ ಕಡೆಗಳಲ್ಲೂ ಮಣ್ಣಿನ ಮೂಸೆಯಲ್ಲಿ ಕಬ್ಬಿಣಕ್ಕೆ ಮರದ ಚೂರು, ಎಲೆ ಸೇರಿಸಿ ಮುಚ್ಚಿ ಕಾಯಿಸಿ ಮಾಡುತ್ತಿದ್ದ ಗಟ್ಟಿಗಳು ಹಡಗು ಹತ್ತಿ ಪಶ್ಚಿಮಕ್ಕೆ ಹೋಗಿ ಡಮಾಸ್ಕಸ್ ಕತ್ತಿಗಳಾದವು. ಕಡಲ ವ್ಯಾಪಾರದ ವಂಶ ಅಂತ ಹೇಳಿಕೊಳ್ಳುವ ನಾವು ಬ್ಯಾರಿಗಳು ಇಲ್ಲಿ ಸ್ವಲ್ಪ ಕಿವಿ ನಿಮಿರಿಸಬಹುದು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪೌಫ್ಲರ್ ಮತ್ತು ಜೊತೆಗಾರರು 17ನೇ ಶತಮಾನದ ಅಸದುಲ್ಲಾ ಎಂಬ ಕಮ್ಮಾರನ ಕತ್ತಿಯ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಳಗೆ ಇಂಗಾಲದ ನ್ಯಾನೊ ಕೊಳವೆಗಳು! ಜಗತ್ತು ಅವನ್ನು ಗುರುತಿಸಿ ಹೆಸರಿಟ್ಟು ಮೂವತ್ತು ವರ್ಷವೂ ಆಗಿರಲಿಲ್ಲ. ಅಸದುಲ್ಲಾನಿಗೆ ಮಾಡುವುದು ಹೇಗೆಂದು ಗೊತ್ತಿತ್ತು, ಯಾಕೆ ಹಾಗಾಗುತ್ತದೆ ಎಂದು ಗೊತ್ತಿರಲಿಲ್ಲ. ಅಪ್ಪನಿಂದ ಮಗನಿಗೆ ಕೈಯಲ್ಲೇ ಬಂದ ವಿದ್ಯೆ, ಅದಿರು ಬದಲಾಗಿ ಗಿರಾಕಿ ಕಡಿಮೆಯಾದಾಗ ಕೈಯಲ್ಲೇ ಸತ್ತಿತು. 1820ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಕೂತು ಈ ಉಕ್ಕಿನ ಗುಟ್ಟು ಹುಡುಕಿದವನು ಮೈಕೆಲ್ ಫ್ಯಾರಡೆ, ಪುಸ್ತಕದ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತ ಕಮ್ಮಾರನ ಮಗ.

ಇಂಥ ಕೆಲಸ ಈಗ ವಿದೇಶದಲ್ಲಿ ಮಾತ್ರ ಅಂದುಕೊಳ್ಳಬೇಡಿ. ಕಡೂರಿನಲ್ಲಿ ಬೆಳಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಯಶವಂತಪುರ, ಅಲ್ಲೇ ಪಕ್ಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಶ್ರೀತೋಷ್ ಗೋಸ್ವಾಮಿ ಅವರ ತಂಡ ನೇಚರ್ ಪತ್ರಿಕೆಯಲ್ಲಿ ಒಂದು ಸಾಧನದ ಬಗ್ಗೆ ಬರೆಯಿತು. ಮಾಮೂಲಿ ಕಂಪ್ಯೂಟರ್ ಸ್ವಿಚ್ಚಿಗೆ ಇರುವುದು ಎರಡೇ ಸ್ಥಿತಿ, ಆನ್ ಮತ್ತು ಆಫ್. ಇವರು ಮಾಡಿದ ತೆಳ್ಳಗಿನ ಅಣುಗಳ ಪದರಕ್ಕೆ 16,500 ಸ್ಥಿತಿಗಳು. ರೇಡಿಯೋದ ವಾಲ್ಯೂಮ್ ಗುಂಡಿಯ ಹಾಗೆ ಅಂತಿಟ್ಟುಕೊಳ್ಳಿ. ನೆನಪಿಡುವ ಕೆಲಸ, ಲೆಕ್ಕ ಮಾಡುವ ಕೆಲಸ ಎರಡೂ ಅದೇ ಜಾಗದಲ್ಲಿ ನಡೆಯುವುದರಿಂದ ಈಗ ದೊಡ್ಡ ಡೇಟಾ ಸೆಂಟರ್ ಬೇಕಾಗುವ ಎಐ ಕೆಲಸವನ್ನು ಮುಂದೆ ಲ್ಯಾಪ್‌ಟಾಪಿನಲ್ಲೇ ಮಾಡಬಹುದು ಎಂಬ ಆಸೆ. ಪಿಯುಸಿಗೆ ನಿಂತ ನನ್ನ ತಲೆಗೆ ಇದಕ್ಕಿಂತ ಹೆಚ್ಚು ಹತ್ತುವುದಿಲ್ಲ, ಹತ್ತಿದಷ್ಟು ಹೇಳಿದೆ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅವನು ಓದಿದ್ದು ಸಿಕಲ್ ಸೆಲ್ ಮತ್ತು ಥಲಸೇಮಿಯ ಎಂಬ ರಕ್ತದ ಕಾಯಿಲೆಗಳ ಚಿಕಿತ್ಸೆ. 2023ರ ನವೆಂಬರ್‌ನಲ್ಲಿ ಮೊದಲು ಬ್ರಿಟನ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿಗೆ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ದೇಹ ಅದನ್ನು ಬಂದ್ ಮಾಡುತ್ತದೆ. ಈ ಕಾಯಿಲೆಯವರಲ್ಲಿ ಕೆಟ್ಟಿರುವುದು ಆಮೇಲೆ ಬರುವ ಹಿಮೋಗ್ಲೋಬಿನ್. ಹಾಗಾಗಿ ರೋಗಿಯದ್ದೇ ಕಾಂಡಕೋಶ ಹೊರತೆಗೆದು, ಹಳೆಯದನ್ನು ಬಂದ್ ಮಾಡುವ ಸ್ವಿಚ್ಚನ್ನು ಕ್ರಿಸ್ಪರ್ ಎಂಬ ಕತ್ತರಿಯಿಂದ ಕತ್ತರಿಸಿ, ಕೋಶಗಳನ್ನು ವಾಪಸ್ ದೇಹಕ್ಕೆ ಹಾಕುತ್ತಾರೆ. ಬಾಲ್ಯದ ಹಿಮೋಗ್ಲೋಬಿನ್ ಮತ್ತೆ ಶುರುವಾಗುತ್ತದೆ. ನಾನು ಮುಫ್ತಿಯಲ್ಲ, ನನ್ನದು ಫತ್ವಾ ಅಲ್ಲ. ಆದರೆ ಮದ್ದು ಮಾಡಿಸಿಕೊಳ್ಳಲು ಕಲಿಸಿದ ದೀನ್ ನಮ್ಮದು. ಇಲ್ಲಿ ತಿದ್ದುವುದು ರೋಗಿಯ ರಕ್ತವನ್ನು ಮಾತ್ರ, ಅದು ಮಕ್ಕಳಿಗೆ ಹೋಗುವುದಿಲ್ಲ. ಇದರಲ್ಲಿ ನನಗೆ ತೊಡಕು ಕಾಣುವುದಿಲ್ಲ. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಭ್ರೂಣವನ್ನೇ ತಿದ್ದಿ ಮಕ್ಕಳು ಹುಟ್ಟುವಂತೆ ಮಾಡಿ ಜೈಲಿಗೆ ಹೋದದ್ದು ಬೇರೆ ವಿಷಯ. ಮುಂದಿನ ಸಂತತಿಯ ಮೇಲೆ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹುಡುಗನಿಗೆ ಹೀಗೇ ಹೇಳಿದೆ.

ಆದರೆ ಈ ಚಿಕಿತ್ಸೆಗೆ ಅಮೆರಿಕದಲ್ಲಿ ಒಬ್ಬರಿಗೆ 22 ಲಕ್ಷ ಡಾಲರ್. ನಮ್ಮ ಯಾವ ಮನೆಗೆ ಆಗುತ್ತದೆ? ದೆಹಲಿಯ ಸಿಎಸ್‌ಐಆರ್ ಪ್ರಯೋಗಾಲಯದಲ್ಲಿ ಕಡಿಮೆ ಬೆಲೆಯದ್ದನ್ನು ತಯಾರಿಸುವ ಪ್ರಯತ್ನ ನಡೆದಿದೆ, ಬಿರ್ಸಾ 101 ಅಂತ ಹೆಸರಿಟ್ಟು 2025ರ ನವೆಂಬರ್‌ನಲ್ಲಿ ಘೋಷಿಸಿದ್ದಾರೆ. ಅದು ಆಸ್ಪತ್ರೆಗೆ ಬರುವ ತನಕ ನಮ್ಮ ಕೈಯಲ್ಲಿ ಒಂದು ಕೆಲಸ ಇದೆ. ಥಲಸೇಮಿಯದ ವಂಶವಾಹಿ ಹೊತ್ತವರು ನೋಡಲು ಪೂರ್ತಿ ಆರೋಗ್ಯವಾಗಿರುತ್ತಾರೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹತ್ತಿರದ ಸಂಬಂಧದಲ್ಲೇ ಮದುವೆ ಮಾಡಿಕೊಳ್ಳುವ ಮನೆತನಗಳಲ್ಲಿ ಅಂಥ ಇಬ್ಬರು ಸೇರುವ ಸಂಭವ ಜಾಸ್ತಿ. ಏಳು ಬೀಜದ ತೋಟ ನೆನಪಾಯಿತಲ್ಲ?

ಇಲ್ಲಿ ಒಂದು ತಮಾಷೆಯೂ ಇದೆ. ಪೊನ್ನಾನಿಯ ಝೈನುದ್ದೀನ್ ಮಖ್ದೂಂ ಅವರ ಫತ್‌ಹುಲ್ ಮುಈನ್ ನಮ್ಮ ದರ್ಸುಗಳಲ್ಲಿ ಎಲ್ಲರೂ ಓದುವ ಕಿತಾಬ್. ಅದರ ನಿಕಾಹ್ ಅಧ್ಯಾಯದಲ್ಲಿ ಹತ್ತಿರದ ಸಂಬಂಧಕ್ಕಿಂತ ದೂರದ ಸಂಬಂಧದ ಹೆಣ್ಣು ಉತ್ತಮ, ಹತ್ತಿರದ್ದಾದರೆ ಮಗು ಸೊರಗಿ ಹುಟ್ಟಬಹುದು ಎಂಬ ಅರ್ಥದ ಮಾತಿದೆ. ಹರಾಮ್ ಅಲ್ಲ, ಒಳ್ಳೆಯದು ಯಾವುದು ಎಂಬ ಸಲಹೆ. ನೋಡಿ, ಇದು ನಿಜಕ್ಕೂ ನಮ್ಮ ಕಿತಾಬಲ್ಲಿ ಮೊದಲೇ ಇದ್ದ ಮಾತು! ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಯಾಕೆಂದರೆ ಆಸ್ತಿ ಹೊರಗೆ ಹೋಗುತ್ತದೆ, ಅಕ್ಕನಿಗೆ ಕೊಟ್ಟ ಮಾತು ಮುರಿಯುತ್ತದೆ. ಉಸ್ತಾದರುಗಳಾದ ನಾವೂ ಆ ಪುಟ ಬಂದಾಗ ಬೇಗ ಓದಿಸಿ ಮುಂದೆ ಹೋಗುತ್ತೇವೆ.

ಮಕ್ಕಳ ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಲ್ಲಿ ಸೈನ್ಸ್ ತೆಗೆದುಕೊಂಡರೆ ಒಂದೋ ಮೆಡಿಕಲ್ ಸೀಟು, ಇಲ್ಲ ಇಂಜಿನಿಯರಿಂಗ್ ಮುಗಿಸಿ ಗಲ್ಫ್ ವೀಸಾ. ಗಲ್ಫ್ ದುಡ್ಡಿಂದಲೇ ಎಷ್ಟೋ ಮನೆ, ಪಳ್ಳಿ, ಮದ್ರಸ ಎದ್ದದ್ದು, ಅದನ್ನು ಹಳಿದರೆ ನಾನು ಕೃತಘ್ನ. ಆದರೆ ಬಿಎಸ್ಸಿ ಮಾಡಿ ಸಂಶೋಧನೆಗೆ ಹೋಗ್ತೇನೆ ಅನ್ನುವ ಮಗನಿಗೆ, ಅದಕ್ಕಿಂತ ಹೆಚ್ಚಾಗಿ ಮಗಳಿಗೆ, "ಅದರಲ್ಲಿ ಏನುಂಟು?" ಅಂತ ಕೇಳುವುದನ್ನು ಬಿಡೋಣ. ಅದೇ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ಪಿಯುಸಿ ಮುಗಿಸಿದವರಿಗೇ ನಾಲ್ಕು ವರ್ಷದ ವಿಜ್ಞಾನ ಪದವಿ ಇದೆ. ನಮ್ಮ ಊರಿನ ಎಷ್ಟು ತಂದೆತಾಯಿಗೆ ಇದು ಗೊತ್ತು? ಕಳೆದ ವಾರದ ತನಕ ಆ ಹುಡುಗನಿಗೂ ಗೊತ್ತಿರಲಿಲ್ಲ.

ನಿಕಾಹ್ ಗೊತ್ತು ಮಾಡುವ ಮೊದಲು ಎರಡೂ ಕಡೆಯವರಿಂದ ಒಂದು ರಕ್ತಪರೀಕ್ಷೆಯ ವರದಿ ಕೇಳೋಣ ಅಂತ ನಮ್ಮ ಜಮಾಅತ್ ಕಮಿಟಿಯಲ್ಲಿ ಮಾತು ತೆಗೆದಿದ್ದೇನೆ. ಇಬ್ಬರು ಒಪ್ಪಿದರು. ಒಬ್ಬರು ನಕ್ಕರು. ಒಬ್ಬರು, "ಉಸ್ತಾದ್, ಮಹರ್ ಬರೆಯುವ ಪುಸ್ತಕದಲ್ಲಿ ರಕ್ತದ ಲೆಕ್ಕವಾ?" ಅಂತ ಕೇಳಿದರು. ಮುಂದಿನ ಸಭೆ ಜುಮಾ ಕಳೆದ ಮೇಲೆ. ಫತ್‌ಹುಲ್ ಮುಈನ್‌ನ ಆ ಪುಟಕ್ಕೆ ಗುರುತು ಇಟ್ಟುಕೊಂಡಿದ್ದೇನೆ.