ಆಟಗಾರರ ತಾರತಮ್ಯ: ಒಂದು ವಿವೇಚನೆ

ಹುಬ್ಬಳ್ಳಿ-ಧಾರವಾಡದ ಯಾವುದೇ ಶಾಲೆಯ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಒಂದೆಡೆ ಕೂಡಿದರೆ, ಕುಶಲಪ್ರಶ್ನೆಗಳು ಮುಗಿದು, ಊಟವಾಗಿ, ಎಲೆ-ಅಡಿಕೆ ಕೈಗೆ ಬರುವ ಹೊತ್ತಿಗೆ ಒಂದು ವಾದ ತಪ್ಪದೆ ತಲೆಯೆತ್ತುತ್ತದೆ. ಅದು ಕ್ರಿಕೆಟ್ಟಿನ ವಾದ. ತಲೆ ನರೆತವರು ಎರಪಳ್ಳಿ ಪ್ರಸನ್ನ ಅವರ ಹೆಸರನ್ನು ಎತ್ತಿ, ಅಂಥ ಸ್ಪಿನ್ ಬೌಲರ್ ಕರ್ನಾಟಕದಲ್ಲಿ ಮತ್ತೆ ಹುಟ್ಟಲಿಲ್ಲವೆನ್ನುತ್ತಾರೆ. ಅವರ ಮಗ್ಗುಲಲ್ಲಿ ಕುಳಿತವರು ಬಿ. ಎಸ್. ಚಂದ್ರಶೇಖರ್ ಅವರನ್ನು ನೆನೆಯುತ್ತಾರೆ. ನಡುವಯಸ್ಸಿನವರು ಅನಿಲ್ ಕುಂಬ್ಳೆಯವರ 619 ಟೆಸ್ಟ್ ವಿಕೆಟ್ಟುಗಳ ಲೆಕ್ಕವನ್ನು ಮುಂದಿಟ್ಟು, ವಾದವು ಅಲ್ಲಿಗೆ ತೀರಿತೆಂದು ಭಾವಿಸುತ್ತಾರೆ. ಗದಗಿನ ಕಡೆಯವರು ಒಬ್ಬರಾದರೂ ಇದ್ದರೆ ಸುನೀಲ ಜೋಶಿಯವರ ಹೆಸರು ಬಾರದೆ ಇರದು. ವಾದವು ತೀರುವುದಿಲ್ಲ, ಅಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತದೆ.

ಇದನ್ನು ಬಿಡುವಿನ ಹೊತ್ತಿನ ಹರಟೆಯೆಂದು ತಳ್ಳಿಹಾಕಬಹುದು. ಆದರೆ ಇದೇ ತಕ್ಕಡಿಯನ್ನು ಮರುದಿನ ಶಿಕ್ಷಕರ ಕೊಠಡಿಯಲ್ಲಿಯೂ ಹಿಡಿಯಲಾಗುತ್ತದೆ. 'ಅಂದಿನ ಹುಡುಗರೆಲ್ಲಿ, ಇಂದಿನವರೆಲ್ಲಿ' ಎಂಬ ಮಾತು ಹತ್ತನೆಯ ಇಯತ್ತೆಯ ವಿದ್ಯಾರ್ಥಿಯ ಕಿವಿಗೆ ಬೀಳುತ್ತದೆ. ತಾನು ಕಾಣದ ಕಾಲದ, ತಾನು ಕಾಣದ ಹುಡುಗರ ಜೊತೆ ತನ್ನನ್ನು ತೂಗಿ ಹಗುರೆಂದು ತೀರ್ಪಿತ್ತರೆ, ಆ ವಿದ್ಯಾರ್ಥಿಗೆ ಉತ್ತರ ಕೊಡುವ ದಾರಿಯೇ ಇಲ್ಲ. ಆದುದರಿಂದ ಭಿನ್ನಕಾಲದವರನ್ನು ಹೋಲಿಸುವ ನ್ಯಾಯವಾದ ರೀತಿ ಯಾವುದೆಂಬುದನ್ನು, ಎಲ್ಲರಿಗೂ ಪರಿಚಿತವಾದ ಆಟದ ನಿದರ್ಶನದಿಂದಲೇ ವಿಚಾರಿಸುವುದು ಉಚಿತವಾದೀತು.

ಅಲಂಕಾರಶಾಸ್ತ್ರವು ಹೋಲಿಕೆಗೆ ನಾಲ್ಕು ಅಂಗಗಳನ್ನು ಹೇಳುತ್ತದೆ: ಉಪಮೇಯ, ಉಪಮಾನ, ಉಪಮಾವಾಚಕ ಮತ್ತು ಸಾಧಾರಣಧರ್ಮ. ಇವುಗಳಲ್ಲಿ ಸಾಧಾರಣಧರ್ಮವೇ ಹೋಲಿಕೆಯ ಪ್ರಾಣ. ಮುಖವನ್ನು ಚಂದ್ರನಿಗೆ ಹೋಲಿಸುವಾಗ ಕಾಂತಿಯು ಎರಡಕ್ಕೂ ಸಮಾನವಾದ ಧರ್ಮ. ಆ ಕಾಂತಿಯನ್ನು ಬಿಟ್ಟು ಚಂದ್ರನ ಸುತ್ತಳತೆಯನ್ನು ಹಿಡಿದು ಮುಖವನ್ನು ಅಳೆಯಹೊರಟವನು ನಗೆಗೀಡಾಗುತ್ತಾನೆ. ಇಬ್ಬರು ಬೌಲರುಗಳ ವಿಕೆಟ್ಟುಗಳ ಒಟ್ಟು ಮೊತ್ತವನ್ನು ಎದುರುಬದುರು ಇಟ್ಟು ಹಿರಿಮೆಯನ್ನು ನಿರ್ಣಯಿಸುವವರು ಮಾಡುವುದು ಬಹುಮಟ್ಟಿಗೆ ಇದೇ ಕೆಲಸ. ಅವರು ಸುತ್ತಳತೆಯನ್ನು ಅಳೆಯುತ್ತಿದ್ದಾರೆ.

ಲೆಕ್ಕವನ್ನೇ ನೋಡೋಣವೆನ್ನುವವರಿಗೆ ಲೆಕ್ಕವೇ ಉತ್ತರ ಕೊಡುತ್ತದೆ. ಪ್ರಸನ್ನ ಅವರು 49 ಟೆಸ್ಟುಗಳಲ್ಲಿ 189 ವಿಕೆಟ್ಟುಗಳನ್ನು ಪಡೆದರು. ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242. ಕುಂಬ್ಳೆಯವರು 132 ಟೆಸ್ಟುಗಳಲ್ಲಿ 619. ಮೊತ್ತಗಳಲ್ಲಿ ಇರುವ ಅಂತರ ಮೂರು ಪಟ್ಟಿಗೂ ಮಿಗಿಲು. ಆದರೆ ಒಂದೊಂದು ವಿಕೆಟ್ಟಿಗೂ ತೆತ್ತ ರನ್ನುಗಳ ಸರಾಸರಿಯನ್ನು ನೋಡಿದರೆ ಪ್ರಸನ್ನ ಅವರದು 30.38, ಚಂದ್ರಶೇಖರ್ ಅವರದು 29.74, ಕುಂಬ್ಳೆಯವರದು 29.65. ಮೂವರು ಮೂರು ರೀತಿಯಲ್ಲಿ ಚೆಂಡೆಸೆದವರು, ಭಿನ್ನ ತಲೆಮಾರುಗಳ ಬ್ಯಾಟುಗಾರರನ್ನು ಎದುರಿಸಿದವರು. ಆದರೂ ವಿಕೆಟ್ಟಿನ ಬೆಲೆ ಹೆಚ್ಚುಕಡಿಮೆ ಒಂದೇ ಆಗಿ ನಿಂತಿದೆ. ಮೊತ್ತವನ್ನು ಹಿಗ್ಗಿಸಿದ್ದರಲ್ಲಿ ಕಾಲದ ಪಾಲೂ ಉಂಟು. 1960 ಮತ್ತು 70ರ ದಶಕಗಳಲ್ಲಿ ಭಾರತವು ಆಡುತ್ತಿದ್ದ ಟೆಸ್ಟುಗಳು ಕಡಿಮೆ. ಇದ್ದ ವಿಕೆಟ್ಟುಗಳನ್ನೂ ಪ್ರಸನ್ನ, ಚಂದ್ರಶೇಖರ್, ಬಿಷನ್ ಸಿಂಗ್ ಬೇಡಿ, ವೆಂಕಟರಾಘವನ್ ಎಂಬ ನಾಲ್ವರು ಹಂಚಿಕೊಳ್ಳಬೇಕಾಗಿತ್ತು. ಒಂದೇ ಬಾವಿಯ ನೀರು ನಾಲ್ಕು ಕಾಲುವೆಗಳಲ್ಲಿ ಹರಿದರೆ ಒಂದೊಂದು ಕಾಲುವೆಯೂ ಕಿರಿದಾಗಿ ಕಾಣುವುದು ಸಹಜ.

ಹಾಗಾದರೆ ಇವರಲ್ಲಿ ಸಾಧಾರಣಧರ್ಮ ಯಾವುದು? ಕಾಲವು ತನಗೆ ಕೊಟ್ಟದ್ದೇನು, ಅದರಿಂದ ತಾನು ಮಾಡಿದ್ದೇನು ಎಂಬ ಎರಡರ ಸಂಬಂಧವೇ ಎಲ್ಲರಿಗೂ ಸಲ್ಲುವ ಅಳತೆ. ಸಾಹಿತ್ಯದಲ್ಲಿಯೂ ಸಹೃದಯರು ನಡೆದದ್ದು ಇದೇ ಹಾದಿಯಲ್ಲಿ. ಪಂಪನು ವಿಕ್ರಮಾರ್ಜುನವಿಜಯದಲ್ಲಿ ಭಾರತದ ಕಥೆಯನ್ನು ಸಮಗ್ರವಾಗಿ ಹೇಳಿದ ಮೇಲೆ ರನ್ನನು ಗದಾಯುದ್ಧಕ್ಕೆ ಅದರ ಒಂದು ಭಾಗವನ್ನೇ ವಸ್ತುವಾಗಿ ತೆಗೆದುಕೊಂಡನು. ಪಂಪನು ಹೇಳಿದಷ್ಟು ಕಥೆಯನ್ನು ರನ್ನನು ಹೇಳಲಿಲ್ಲವೆಂದು ಯಾರೂ ಆಕ್ಷೇಪಿಸಲಿಲ್ಲ. ತನಗೆ ದೊರೆತ ಭಾಗವನ್ನು ಅವನು ಏನು ಮಾಡಿದನೆಂದು ನೋಡಿದರು. ಇಬ್ಬರನ್ನೂ ಪೊನ್ನನೊಡನೆ ರತ್ನತ್ರಯದಲ್ಲಿ ಸೇರಿಸಿದರು.

ಈ ಅಳತೆಯಿಂದ ನೋಡಿದಾಗ ನಾಲ್ವರ ಚಿತ್ರವೂ ಬೇರೆಯಾಗಿ ಕಾಣುತ್ತದೆ. ಪ್ರಸನ್ನ ಅವರು 1962ರಲ್ಲಿ ಟೆಸ್ಟ್ ಕಣಕ್ಕಿಳಿದು, ಅದೇ ವರ್ಷ ವೆಸ್ಟ್ ಇಂಡೀಸಿಗೆ ಹೋಗಿ ಬಂದ ಮೇಲೆ, ಇಂಜಿನಿಯರಿಂಗ್ ವಿದ್ಯಾಭ್ಯಾಸಕ್ಕಾಗಿ ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಹರೆಯದ ಐದು ವರ್ಷಗಳು ಅವರ ಲೆಕ್ಕದ ಪುಸ್ತಕದಲ್ಲಿ ಖಾಲಿಯಾಗಿವೆ. ಹೀಗಿದ್ದೂ ಅವರು 20 ಟೆಸ್ಟುಗಳಲ್ಲಿ ನೂರು ವಿಕೆಟ್ಟುಗಳನ್ನು ಪೂರೈಸಿದರು. ಮೈಸೂರು ರಾಜ್ಯವು 1973ರ ನವೆಂಬರ್ 1ರಂದು ಕರ್ನಾಟಕವೆಂದು ಹೆಸರು ಪಡೆದ ಆ ಋತುವಿನಲ್ಲಿಯೇ, ಅವರ ನಾಯಕತ್ವದಲ್ಲಿ ತಂಡವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಸತತವಾಗಿ 15 ವರ್ಷ ಆ ಟ್ರೋಫಿಯನ್ನು ಬಿಡದೆ ಹಿಡಿದಿದ್ದ ಬೊಂಬಾಯಿ ತಂಡವು 1974ರಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಕರ್ನಾಟಕಕ್ಕೆ ಮಣಿಯಿತು. ಗುಂಡಪ್ಪ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳ ಬಲದೊಂದಿಗೆ, ಗಾವಸ್ಕರರ ವಿಕೆಟ್ಟನ್ನು ಕೆಡಹಿದ ಪ್ರಸನ್ನ ಅವರ ಒಂದು ಎಸೆತವನ್ನು ಹಿರಿಯರು ಇಂದಿಗೂ ಕೈಯಾಡಿಸಿ ವರ್ಣಿಸುತ್ತಾರೆ.

ಮೈಸೂರಿನಲ್ಲಿ ಜನಿಸಿದ ಚಂದ್ರಶೇಖರ್ ಅವರಿಗೆ ಬಾಲ್ಯದಲ್ಲಿಯೇ ಪೋಲಿಯೋ ತಗಲಿ ಬಲಗೈ ಕೃಶವಾಯಿತು. ಕ್ಷೇತ್ರರಕ್ಷಣೆಯಲ್ಲಿ ಅವರು ಚೆಂಡನ್ನು ಎಡಗೈಯಿಂದ ಹಿಂತಿರುಗಿಸುತ್ತಿದ್ದರು; ಬೌಲಿಂಗ್ ಮಾಡುತ್ತಿದ್ದುದು ಆ ಸೊರಗಿದ ಬಲಗೈಯಿಂದಲೇ. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ಟು ಪಡೆದು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ವಿಜಯವನ್ನು ದೊರಕಿಸಿದ್ದು ಅದೇ ಕೈ. ಕಾಲವು ಕೊಟ್ಟದ್ದು ಕೊರತೆ, ಅವರು ಮಾಡಿದ್ದು ಅಸ್ತ್ರ.

ಕುಂಬ್ಳೆಯವರಿಗೆ ದೊರೆತದ್ದು ಹೆಚ್ಚು ಪಂದ್ಯಗಳು, ಅದರೊಡನೆ ಹೆಚ್ಚು ಕಣ್ಣುಗಳು. ಅವರ ಚೆಂಡು ಸಾಕಷ್ಟು ತಿರುಗುವುದಿಲ್ಲವೆಂಬ ಟೀಕೆ ವರ್ಷಗಟ್ಟಲೆ ಅವರ ಬೆನ್ನು ಹತ್ತಿತ್ತು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟ್ಟುಗಳನ್ನು 74 ರನ್ನಿಗೆ ಪಡೆದದ್ದನ್ನು ಎಲ್ಲರೂ ಬಲ್ಲರು. ಅದಕ್ಕಿಂತಲೂ ಅವರ ಸ್ವಭಾವವನ್ನು ಹೇಳುವುದು 2002ರ ಆಂಟಿಗುವಾ ಟೆಸ್ಟ್: ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬೌಲಿಂಗಿಗೆ ಬಂದು ಬ್ರಯನ್ ಲಾರಾರ ವಿಕೆಟ್ಟನ್ನು ಪಡೆದರು. 1990ರಿಂದ 2008ರ ವರೆಗೆ 18 ವರ್ಷ ಬಾಳಿಕೆ ಬರುವುದು ಸಣ್ಣ ಗುಣವಲ್ಲ. 619 ಎಂಬ ಸಂಖ್ಯೆ ಹೇಳಬೇಕಾದದ್ದು ಈ ಗುಣವನ್ನು.

ಇನ್ನು ಸಂಖ್ಯೆಯು ಏನನ್ನೂ ಹೇಳದ ಪ್ರಸಂಗಗಳೂ ಉಂಟು. 1981-82ರ ರಣಜಿ ಸೆಮಿಫೈನಲ್ಲಿನಲ್ಲಿ ಎಡಗೈ ಸ್ಪಿನ್ನರ್ ರಘುರಾಮ ಭಟ್ ಅವರು ಬೊಂಬಾಯಿಯ ಮೊದಲ ಇನ್ನಿಂಗ್ಸಿನಲ್ಲಿ ಹ್ಯಾಟ್ರಿಕ್ ಸಹಿತ ಎಂಟು ವಿಕೆಟ್ಟು ಪಡೆದರು. ಎರಡನೆಯ ಇನ್ನಿಂಗ್ಸಿನಲ್ಲಿ ಅವರ ಚೆಂಡಿನ ತಿರುವನ್ನು ತಡೆಯಲು ಗಾವಸ್ಕರರಂಥವರು ಎಡಗೈ ಆಟಗಾರನಂತೆ ತಿರುಗಿ ನಿಂತು ಬ್ಯಾಟು ಬೀಸಬೇಕಾಯಿತು. ಭಟ್ ಅವರು ಆಡಿದ್ದು ಎರಡೇ ಟೆಸ್ಟ್. ಮೊತ್ತದ ತಕ್ಕಡಿಯಲ್ಲಿ ಅವರು ಕಾಣಿಸುವುದೇ ಇಲ್ಲ.

ತಂಡದ ಅವಶ್ಯಕತೆಯೂ ಕಾಲಕಾಲಕ್ಕೆ ಬದಲಾಗುತ್ತದೆ. ಸ್ಪಿನ್ನಿನ ಬಲದಿಂದ ಮೊದಲ ಟ್ರೋಫಿಯನ್ನು ಗೆದ್ದ ಕರ್ನಾಟಕವು 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ಗೆದ್ದಾಗ ದಾವಣಗೆರೆಯ ವಿನಯಕುಮಾರ್ ನಾಯಕರಾಗಿದ್ದರು. ಮುಂಚೂಣಿಯಲ್ಲಿದ್ದವರು ವೇಗದ ಬೌಲರುಗಳು. ಅಂದಿನ ಪ್ರಸನ್ನರು ಇಂದು ಏಕೆ ಇಲ್ಲವೆಂದು ಕೇಳುವವರು, ಇಂದಿನ ತಂಡಕ್ಕೆ ಬೇಕಾದದ್ದೇನೆಂಬುದನ್ನೂ ಕೇಳಿಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲರೂ ಅವರವರ ಕಾಲಕ್ಕೆ ದೊಡ್ಡವರೆಂದರೆ ತಾರತಮ್ಯಜ್ಞಾನವೇ ಉಳಿಯಲಿಲ್ಲವಲ್ಲವೇ? ಆಕ್ಷೇಪವು ಯುಕ್ತವಾದುದು. ಮೇಲೆ ಹೇಳಿದ ಅಳತೆಯು ತೀರ್ಪನ್ನು ತಡೆಯುವುದಿಲ್ಲ, ತೀರ್ಪನ್ನು ಕಠಿನವಾಗಿಸುತ್ತದೆ. ಬ್ಯಾಟುಗಾರನ ಮನಸ್ಸನ್ನು ಓದುವ ಕಲೆಗೆ ಪ್ರಸನ್ನ, ಕೊರತೆಯನ್ನು ಶಕ್ತಿಯಾಗಿಸಿದ್ದಕ್ಕೆ ಚಂದ್ರಶೇಖರ್, ಧೃತಿಗೆ ಕುಂಬ್ಳೆ ಎಂದು ನಿರ್ಣಯಿಸಬಹುದು. ಆದರೆ ಹುಬ್ಬಳ್ಳಿ-ಧಾರವಾಡದ ಶಾಲೆಯೊಂದರಲ್ಲಿ ಮಕ್ಕಳ ಮುಂದೆ ಒಬ್ಬರನ್ನೇ ನಿಲ್ಲಿಸಬೇಕಾದರೆ, ನಿಲ್ಲಿಸಬೇಕಾದದ್ದು 15 ಟೆಸ್ಟುಗಳಲ್ಲಿ 41 ವಿಕೆಟ್ಟು ಪಡೆದ ಸುನೀಲ ಜೋಶಿಯವರನ್ನು.

ಕಾರಣವು ಅವರ ದಾರಿಯಲ್ಲಿದೆ. ಗದಗಿನ ಈ ಬಾಲಕ ಬೆಳಗಿನ ಜಾವ ಹೊರಟು, ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ಗಂಟೆ ಬಾರಿಸುವ ಮುನ್ನ ಮತ್ತೆ ಗದಗಿಗೆ ಮರಳುತ್ತಿದ್ದನು. ಆ ಬಾಲಕನೇ 1995-96ರ ಒಂದೇ ರಣಜಿ ಋತುವಿನಲ್ಲಿ 529 ರನ್ನು ಹೊಡೆದು 52 ವಿಕೆಟ್ಟು ಪಡೆದನು. ಆ ವರ್ಷ ಟ್ರೋಫಿ ಕರ್ನಾಟಕದ್ದಾಯಿತು. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ರನ್ನು ಕೊಟ್ಟು ಐದು ವಿಕೆಟ್ಟು ಪಡೆದನು. ಬೆಂಗಳೂರಿನ ಹುಡುಗನಿಗೆ ಮನೆಯ ಮಗ್ಗುಲಲ್ಲೇ ದೊರೆಯುತ್ತಿದ್ದ ಅಭ್ಯಾಸದ ಅಂಕಣಕ್ಕೆ, ಗದಗಿನ ಹುಡುಗನು ಹೋಗಿಬರುವುದಕ್ಕೆ 120 ಕಿಲೋಮೀಟರ್ ತೆರಬೇಕಾಗಿತ್ತು. ಈ ದೂರವನ್ನು ಬರೆದಿಡುವ ಅಂಕಣ ಯಾವ ಸ್ಕೋರ್ ಪುಸ್ತಕದಲ್ಲಿಯೂ ಇಲ್ಲ.

ಈ ದಾರಿಯನ್ನು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಹೊಗಳಿಕೆಯ ಹಿಂದೆ ಒಂದು ಪ್ರಶ್ನೆ ಅಡಗಿದೆ: ಅಷ್ಟು ದೂರ ನಡೆಯಲಾರದೆ ಊರಲ್ಲೇ ಉಳಿದವರು ಎಷ್ಟು ಮಂದಿ? ಅವರು ಪ್ರತಿಭೆಯಿಲ್ಲದವರೆಂದು ಹೇಳಲು ಯಾವ ಆಧಾರವಿದೆ? ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. 1976ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ಕರ್ನಾಟಕದವರೇ ಆದ ಶಾಂತಾ ರಂಗಸ್ವಾಮಿ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ರನ್ನಿಗೆ 5 ವಿಕೆಟ್ಟು ಪಡೆದವರು ವಿಜಯಪುರದ ರಾಜೇಶ್ವರಿ ಗಾಯಕವಾಡ. ಎಲೆ-ಅಡಿಕೆಯ ಹೊತ್ತಿನ ವಾದದಲ್ಲಿ ಈ ಹೆಸರುಗಳು ಬರುವುದು ಅಪರೂಪ. ತಕ್ಕಡಿಯಲ್ಲಿ ಇಡದವರನ್ನು ಹಗುರೆನ್ನುವಂತಿಲ್ಲ.

ಆದುದರಿಂದ ಕಾಲ-ಕಾಲಗಳ ಆಟಗಾರರನ್ನು ಹೋಲಿಸುವಾಗ, ಆಯಾ ಕಾಲದ ಹಿರಿಯರನ್ನೂ ಹೋಲಿಸುವುದು ನ್ಯಾಯ. ಅಂದಿನ ಹಿರಿಯರು ಮಕ್ಕಳಿಗೆ ಎಷ್ಟು ಬಯಲು ಬಿಟ್ಟಿದ್ದರು, ಇಂದಿನವರು ಎಷ್ಟು ಬಿಟ್ಟಿದ್ದಾರೆ? ಊರು ಬೆಳೆದಂತೆ ಎಷ್ಟೋ ಶಾಲೆಗಳ ಆಟದ ಬಯಲಿನಲ್ಲಿ ಕಟ್ಟಡಗಳು ಎದ್ದಿವೆ. ಕಟ್ಟಡಕ್ಕೆ ದಾನಿಗಳ ಹೆಸರಿನ ಶಿಲಾಫಲಕವನ್ನು ಹಚ್ಚಬಹುದು. ಬಯಲಿಗೆ ಹಚ್ಚಲು ಗೋಡೆಯಿಲ್ಲ. ಬಹುಶಃ ಅದರಿಂದಲೇ ಬಯಲಿಗೆ ದಾನಿಗಳು ಕಡಿಮೆ. ವಿದ್ಯೆಗೆ ಕೊಠಡಿ ಬೇಡವೆಂದು ಇದರ ಅರ್ಥವಲ್ಲ. ಪ್ರಸನ್ನ, ಕುಂಬ್ಳೆ ಇಬ್ಬರೂ ಇಂಜಿನಿಯರಿಂಗ್ ಪದವೀಧರರು. ಪಾಠವೂ ಆಟವೂ ಒಂದು ಬಾಳಿನಲ್ಲಿ ಕೂಡಿ ಇರಬಲ್ಲವೆಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ.

ಶಾಲೆಯು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಇದ್ದ ಬಯಲನ್ನು ಇದ್ದಷ್ಟೇ ಉಳಿಸಿಕೊಳ್ಳುವುದು. ಹಳ್ಳಿಯಿಂದ ಬರುವ ಮಕ್ಕಳು ಬಸ್ಸನ್ನು ತಪ್ಪಿಸಿಕೊಳ್ಳದಂತೆ ಅಭ್ಯಾಸದ ಹೊತ್ತನ್ನು ಗೊತ್ತುಮಾಡುವುದು. ಹೆಣ್ಣುಮಕ್ಕಳಿಗೂ ಅದೇ ಬಯಲಿನಲ್ಲಿ ಪಾಲು ಕೊಡುವುದು. ಪ್ರತಿವರ್ಷದ ಸ್ಕೋರ್ ಪುಸ್ತಕವನ್ನು, ಅದರೊಡನೆ ಯಾರು ಎಷ್ಟು ದೂರದಿಂದ ಬಂದರೆಂಬ ಟಿಪ್ಪಣಿಯನ್ನು ಗ್ರಂಥಾಲಯದಲ್ಲಿ ಕಾದಿಡುವುದು. ದಾಖಲೆಯಿಲ್ಲದ ತುಲನೆಯಲ್ಲಿ ಗತಕಾಲವೇ ಸದಾ ಗೆಲ್ಲುತ್ತದೆ. ಏಕೆಂದರೆ ಸ್ಮೃತಿಯು ಸೋಲುಗಳನ್ನು ಮರೆತು ಗೆಲುವುಗಳನ್ನು ಬೆಳೆಸುತ್ತದೆ.

ಮುಂದಿನ ವರ್ಷ ಹಳೆಯ ವಿದ್ಯಾರ್ಥಿಗಳು ಮತ್ತೆ ಕೂಡುವರು. ವಾದವೂ ಮತ್ತೆ ಏಳುವುದು, ಏಳಲಿ. ಪ್ರೀತಿಯಿಲ್ಲದ ಕಡೆ ಇಂಥ ವಾದಗಳು ಹುಟ್ಟುವುದಿಲ್ಲ. ವಾದ ಮುಗಿಸಿ ಏಳುವ ಮುನ್ನ ಹಿರಿಯರು ಒಮ್ಮೆ ಬಯಲಿನ ಕಡೆಗೆ ಕಣ್ಣು ಹಾಯಿಸಿದರೆ ಸಾಕು. ಸಂಜೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿದೆಯೆಂದು ಚೆಂಡು ತಿರುಗಿಸುತ್ತ ನಿಂತ ಯಾವನೋ ಹುಡುಗ, ಯಾವಳೋ ಹುಡುಗಿ ಅಲ್ಲಿ ಇದ್ದೇ ಇರುವರು. ಆ ಮಗು ಪ್ರಸನ್ನರಷ್ಟು ದೊಡ್ಡದಾದೀತೇ ಎಂಬುದು ಕಾಲವು ಉತ್ತರಿಸುವ ಪ್ರಶ್ನೆ. ಆ ಮಗುವಿನ 60 ಕಿಲೋಮೀಟರನ್ನು ಎಷ್ಟು ಕಡಿಮೆ ಮಾಡಬಹುದೆಂಬುದು ಹಿರಿಯರು ಉತ್ತರಿಸಬೇಕಾದ ಪ್ರಶ್ನೆ.