ಖಾಸಗಿತನ ಯಾರದ್ದು ಸ್ವಾಮಿ?

ಭಾನುವಾರ ಬೆಳಗ್ಗೆ ಶಂಕರಪುರದಲ್ಲಿ ಕಾಫಿ ಕುಡೀತಾ ಗೆಳೆಯನೊಬ್ಬ ಅಂದ, "ಏನೇ ಹೇಳು, ರಾಜೀವ್ ಚಂದ್ರಶೇಖರ್ ಇಂಟರ್ನೆಟ್ ಗೊತ್ತಿದ್ದ ರಾಜಕಾರಣಿ ಕಣೋ." ನಾನೂ ಹಾಗೇ ಅಂದುಕೊಂಡಿದ್ದವನು. ಹೊಟ್ಟೆ ಉರಿಯೋದೂ ಅದಕ್ಕೇ!

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರು, ಇಂಟೆಲ್‌ನಲ್ಲಿ ಕೆಲಸ ಮಾಡಿದವರು. 2006ರಿಂದ 2024ರವರೆಗೆ ಕರ್ನಾಟಕದಿಂದ ಮೂರು ಸಲ ರಾಜ್ಯಸಭೆಗೆ ಹೋದರು, ಮೊದಲೆರಡು ಸಲ ಪಕ್ಷೇತರರಾಗಿ. ಆಗಿನ ಅವರ ಕೆಲಸ ನೋಡಿ. 2011ರಲ್ಲಿ ಖಾಸಗಿತನದ ಹಕ್ಕಿಗಾಗಿ ಖಾಸಗಿ ಮಸೂದೆ ತಂದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ವಿರುದ್ಧ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅವರೂ ಒಬ್ಬರು. 2015ರ ಮಾರ್ಚ್ 24ರಂದು ಆ ಕಲಂ ಬಿದ್ದೇ ಹೋಯಿತು. ಇದಕ್ಕೆ ಟೋಪಿ ತೆಗೆಯದೆ ಇರೋಕಾಗಲ್ಲ.

2021ರಲ್ಲಿ ಮಂತ್ರಿಯಾದರು. ಅಲ್ಲಿಂದ ಕಥೆಯೇ ಬೇರೆ. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಐದು ವರ್ಷ ಇಟ್ಟುಕೊಳ್ಳಬೇಕು ಅಂತ 2022ರಲ್ಲಿ ಅವರ ಇಲಾಖೆಯಿಂದ ಆದೇಶ ಬಂತು; ಒಪ್ಪದವರು ದೇಶ ಬಿಟ್ಟು ಹೋಗಬಹುದು ಅಂತ ಇವರೇ ಹೇಳಿದರು. 2023ರ ಏಪ್ರಿಲ್‌ನಲ್ಲಿ, ಸರ್ಕಾರದ ಬಗ್ಗೆ ಯಾವ ಸುದ್ದಿ ಸುಳ್ಳು ಅಂತ ಸರ್ಕಾರವೇ ತೀರ್ಮಾನಿಸುವ ನಿಯಮ ಬಂತು (ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ). 2024ರಲ್ಲಿ ಬಾಂಬೆ ಹೈಕೋರ್ಟ್ ಅದನ್ನ ರದ್ದು ಮಾಡಿತು.

ಆದರೆ ನನಗೆ ನಿಜವಾಗಿ ಕೋಪ ಬಂದದ್ದು 2023ರ ಆಗಸ್ಟಿನ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ ನೋಡಿ. ಮಂಡಿಸಿದ್ದು ಅಶ್ವಿನಿ ವೈಷ್ಣವ್, ಹೋದಲ್ಲಿ ಬಂದಲ್ಲಿ ಸಮರ್ಥಿಸಿಕೊಂಡವರಲ್ಲಿ ಇವರು ಮುಂದು. ಸರ್ಕಾರ ತನಗೆ ಬೇಕಾದ ತನ್ನ ಸಂಸ್ಥೆಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಟ್ಟುಕೊಳ್ಳಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರೂಟ್ ಪಾಸ್‌ವರ್ಡ್ ಸರ್ಕಾರದ ಹತ್ತಿರ, ಲಾಗ್ ಫೈಲ್ ಓದೋ ಅನುಮತಿ ಮಾತ್ರ ನಮಗಿಲ್ಲ. ಯಾಕೆ ಅಂದರೆ ಇದೇ ಕಾಯ್ದೆಯ 44(3) ಕಲಂ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಅನ್ನೇ ಬದಲಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು.

ಮೊದಲು ವೈಯಕ್ತಿಕ ಮಾಹಿತಿ ಕೊಡಲ್ಲ ಅನ್ನಬೇಕಾದರೆ, ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲ ಅಂತಲೋ, ಕೊಟ್ಟರೆ ಅನಗತ್ಯವಾಗಿ ಒಬ್ಬರ ಖಾಸಗಿತನಕ್ಕೆ ಧಕ್ಕೆ ಅಂತಲೋ ಅಧಿಕಾರಿ ಹೇಳಬೇಕಿತ್ತು. ಈಗ "ವೈಯಕ್ತಿಕ" ಅಂದರೆ ಸಾಕು. ನಮ್ಮ ಬೀದಿಗೆ ಟಾರು ಹಾಕಿದ ಬಿಲ್ಲಿಗೆ ಸಹಿ ಮಾಡಿದವರು ಯಾರು ಅಂತ ಕೇಳಿ, ಹೆಸರು ವೈಯಕ್ತಿಕ ಮಾಹಿತಿ ಅಂದುಬಿಟ್ಟರೆ? 8(2) ಇದೆಯಲ್ಲ, ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಅಂತಾರೆ ಸರ್ಕಾರದವರು. ಇದೆ, ಒಪ್ಪಿದೆ. ಆದರೆ ಮೇಲ್ಮನವಿ, ಆಯೋಗ ಅಂತ ಅಲೆಯೋರು ಯಾರು? ನೀವು, ನಾನು.

ಆ ಹಳೆ ಕಲಮಿನ ಕೊನೆಗೆ ಒಂದು ಮಾತಿತ್ತು: ಸಂಸತ್ತಿಗೆ, ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನ ಯಾವ ವ್ಯಕ್ತಿಗೂ ನಿರಾಕರಿಸೋ ಹಾಗಿಲ್ಲ. ಹತ್ತು ರೂಪಾಯಿ ಅರ್ಜಿ ಹಾಕಿದವನನ್ನ ಸಂಸತ್ತಿನ ಸಮಕ್ಕೆ ನಿಲ್ಲಿಸಿದ್ದ ಮಾತು ಅದು. ಅದನ್ನೂ ಅಳಿಸಿದರು! ಆಧಾರ್ ವಿರುದ್ಧ 86ನೇ ವಯಸ್ಸಿನಲ್ಲಿ ಕೋರ್ಟಿಗೆ ಹೋಗಿ, ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಹೇಳಿಸಿದ್ದು ಬೆಂಗಳೂರಿನವರೇ ಆದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಅವರು ಗೆದ್ದುಕೊಟ್ಟಿದ್ದು ಸರ್ಕಾರದ ಎದುರು ನಮಗೆ. ಈಗ ಅದೇ ಹೆಸರು ಹೇಳಿ ಫೈಲು ಮುಚ್ಚೋದಾ?

ರಾಜ್ಯಸಭೆಗೆ ಆರಿಸೋದು ಶಾಸಕರು, ನಮಗಲ್ಲಿ ಓಟಿಲ್ಲ. ಲೋಕಸಭೆಗೆ ಇದೆ. ನಮ್ಮ ಬೆಂಗಳೂರು ದಕ್ಷಿಣದ ತೇಜಸ್ವಿ ಸೂರ್ಯ, 2019ರ ಡೇಟಾ ಮಸೂದೆ ಪರಿಶೀಲಿಸಿದ ಜಂಟಿ ಸಂಸದೀಯ ಸಮಿತಿಯಲ್ಲಿ ಇದ್ದವರು. ಅಳಿಸಿದ ಆ ಒಂದು ವಾಕ್ಯ ವಾಪಸ್ ತರೋಕೆ ಖಾಸಗಿ ಮಸೂದೆ ಮಂಡಿಸ್ತೀರಾ ಅಂತ ಅವರಿಗೊಂದು ಕಾಗದ ಬರೆದಿದ್ದೀನಿ. ನಾಳೆ ಪೋಸ್ಟಿಗೆ ಹಾಕ್ತೀನಿ. ಉತ್ತರ ಬಂದರೆ ಇಲ್ಲೇ ಹಾಕ್ತೀನಿ, ಬರದಿದ್ದರೂ.