ಕೋಲಾರದಿಂದ ಟೋಕಿಯೊವರೆಗೆ ಓಡಿದ ಕೆನೆತ್ ಪೊವೆಲ್

ಕೋಲಾರ ಎಂದರೆ ಚಿನ್ನ. ಮುಳಬಾಗಿಲು ಎಂದರೆ ದೋಸೆ, ಜೊತೆಗೆ ಡಿ.ವಿ.ಜಿ. ಶ್ರೀನಿವಾಸಪುರಕ್ಕೆ ಮಾವು, ಮಾಲೂರಿಗೆ ಹೆಂಚು ಮತ್ತು ಮಾಸ್ತಿ. ಇಷ್ಟನ್ನು ಆ ಸೀಮೆಯ ಯಾವ ಹುಡುಗನನ್ನು ಕೇಳಿದರೂ ಹೇಳಿಯಾನು. ಆದರೆ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ನೂರು ಮೀಟರ್ ಓಡಿದ ಒಬ್ಬರು ಇದೇ ಕೋಲಾರದಲ್ಲಿ ಹುಟ್ಟಿದವರು ಎಂದರೆ ಅವನಿರಲಿ, ಅವನ ತಂದೆಯೂ ಹುಬ್ಬೇರಿಸುವುದುಂಟು.

ಅವರ ಹೆಸರು ಕೆನೆತ್ ಲಾರೆನ್ಸ್ ಪೊವೆಲ್. ಹುಟ್ಟಿದ್ದು 1940ರ ಏಪ್ರಿಲ್ 20ರಂದು. ಬೆಂಗಳೂರಿನಲ್ಲಿ ಐಟಿಐ, ಅಂದರೆ ದೂರವಾಣಿ ಯಂತ್ರಗಳನ್ನು ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ, ಅವರಿಗೆ ಆಸರೆಯಾಯಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮಗಳಲ್ಲಿ ಒಂದಾದ ಈ ಕಾರ್ಖಾನೆ 1948ರಲ್ಲಿ ಆರಂಭವಾಗಿತ್ತು. ಬೆಂಗಳೂರಿನ ಇಂಥ ದೊಡ್ಡ ಕಾರ್ಖಾನೆಗಳು ಯಂತ್ರಗಳ ಜೊತೆಗೆ ಆಟಗಾರರನ್ನೂ ಬೆಳೆಸಿದವು ಎಂಬುದನ್ನು ಮರೆಯುವಂತಿಲ್ಲ. ತಿಂಗಳ ಸಂಬಳವಿದ್ದರೆ ಓಟಗಾರನ ಕಾಲಿಗೂ ಧೈರ್ಯ ಬರುತ್ತದೆ.

1964ರ ಅಕ್ಟೋಬರ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆಯಿತು. ಏಷ್ಯಾ ಖಂಡದಲ್ಲಿ ನಡೆದ ಮೊದಲ ಒಲಿಂಪಿಕ್ಸ್ ಅದು. ಇಪ್ಪತ್ತನಾಲ್ಕರ ಪ್ರಾಯದ ಪೊವೆಲ್ 100 ಮೀಟರ್, 200 ಮೀಟರ್ ಹಾಗೂ 4x100 ಮೀಟರ್ ರಿಲೇ, ಈ ಮೂರರಲ್ಲೂ ಕಣಕ್ಕಿಳಿದರು. ಈಗಿನ ರಬ್ಬರಿನಂಥ ಕೆಂಪು ಟ್ರ್ಯಾಕ್ ಆಗ ಒಲಿಂಪಿಕ್ಸ್‌ಗೆ ಬಂದಿರಲಿಲ್ಲ. ಅದು ಬಂದದ್ದು 1968ರಲ್ಲಿ, ಮೆಕ್ಸಿಕೊ ನಗರದಲ್ಲಿ. ಟೋಕಿಯೊದಲ್ಲಿ ಓಡಿದ್ದು ಇದ್ದಿಲ ಕಿಟ್ಟದ ಪುಡಿ ಹಾಸಿದ ನೆಲದ ಮೇಲೆ. ನಾಲ್ಕು ಜನ ಓಡಿದರೆ ಆ ನೆಲ ಕಿತ್ತುಬರುತ್ತಿತ್ತು. ಅಂಥ ಕೆದರಿದ ಒಂದನೇ ಸಾಲಿನಲ್ಲೇ ಅಮೆರಿಕದ ಬಾಬ್ ಹೇಯ್ಸ್ 10.0 ಸೆಕೆಂಡಿನಲ್ಲಿ ನೂರು ಮೀಟರ್ ಮುಗಿಸಿ ಚಿನ್ನ ಗೆದ್ದರು.

ವೈಯಕ್ತಿಕ ಓಟಗಳಲ್ಲಿ ಪೊವೆಲ್ ಸೆಮಿಫೈನಲ್ ತಲುಪಲಿಲ್ಲ. ರಿಲೇ ತಂಡ ತಲುಪಿತು. ಆಂಟನಿ ಕುಟಿನ್ಹೊ, ಮಖನ್ ಸಿಂಗ್, ರಾಜಶೇಖರನ್ ಮತ್ತು ಪೊವೆಲ್ ಆ ತಂಡದ ನಾಲ್ವರು.

ರಿಲೇ ಒಂದು ವಿಚಿತ್ರ ಲೆಕ್ಕ. ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಬಾಬ್ ಹೇಯ್ಸ್‌ರಂಥ ನಾಲ್ವರು ಸೇರಿ ತಲಾ ಹತ್ತು ಸೆಕೆಂಡಿನಂತೆ ಓಡಿದರೂ ನಲವತ್ತು ಸೆಕೆಂಡಾಗಬೇಕು. ಆದರೆ ಟೋಕಿಯೊದಲ್ಲಿ ಅಮೆರಿಕದ ತಂಡ ಗೆದ್ದದ್ದು 39.0 ಸೆಕೆಂಡಿನಲ್ಲಿ! ಒಂದು ಸೆಕೆಂಡು ಎಲ್ಲಿ ಉಳಿಯಿತು? ನಿಂತಲ್ಲಿಂದ ಹೊರಡುವವನು ಮೊದಲನೆಯವನು ಮಾತ್ರ. ಉಳಿದ ಮೂವರು ಕೋಲು ಕೈಗೆ ಬರುವ ಹೊತ್ತಿಗೆ ಆಗಲೇ ಓಡುತ್ತಿರುತ್ತಾರೆ. ಕೋಲು ಪಡೆಯುವವನು ನೆಲದ ಮೇಲೆ ಗುರುತು ಮಾಡಿಕೊಂಡು, ಹಿಂದಿನವನು ಅದನ್ನು ದಾಟಿದ ಕ್ಷಣದಲ್ಲೇ ಹೊರಡಬೇಕು. ಆಮೇಲೆ ತಿರುಗಿ ನೋಡುವಂತಿಲ್ಲ, ಕೈಯನ್ನು ಹಿಂದೆ ಚಾಚಿ ನಂಬಿಕೆಯಿಂದ ಓಡುವುದಷ್ಟೇ. ಆಗ ಕೋಲು ಬದಲಾಗಬೇಕಿದ್ದ ವಲಯ 20 ಮೀಟರ್, ಈಗ 30. ಅದರಾಚೆ ಬದಲಾದರೆ ತಂಡವೇ ಹೊರಗೆ. 1960ರ ರೋಮ್‌ನಲ್ಲಿ ಮೊದಲು ಗುರಿ ಮುಟ್ಟಿದ ಅಮೆರಿಕದ ತಂಡ ಹೀಗೆಯೇ ಚಿನ್ನ ಕಳೆದುಕೊಂಡಿತು. ಒಬ್ಬೊಬ್ಬರಾಗಿ ಸೋಲುವವರು ನಾಲ್ವರಾಗಿ ಮುಂದೆ ಹೋಗಬಹುದಾದ ಓಟ ಇದೊಂದೇ. ಭಾರತದ ನಾಲ್ವರು ಸೆಮಿಫೈನಲ್ ಮುಟ್ಟಿದ್ದನ್ನು ಈ ದೃಷ್ಟಿಯಿಂದ ನೋಡಬೇಕು.

ಮರುವರ್ಷ, 1965ರಲ್ಲಿ, ಪೊವೆಲ್‌ಗೆ ಅರ್ಜುನ ಪ್ರಶಸ್ತಿ ದೊರೆಯಿತು. ಆ ಪ್ರಶಸ್ತಿ ಆರಂಭವಾಗಿದ್ದೇ 1961ರಲ್ಲಿ. ವೇಗದ ಓಟಗಾರನ ಆಯುಸ್ಸು ಚಿಕ್ಕದು ಎನ್ನುತ್ತಾರೆ. ಪೊವೆಲ್ ಮಾತ್ರ ಮೂವತ್ತು ತುಂಬಿದ ಮೇಲೂ ಓಡುತ್ತಿದ್ದರು. 1970ರ ಬ್ಯಾಂಕಾಕ್ ಏಷ್ಯಾ ಕ್ರೀಡಾಕೂಟದಲ್ಲಿ ಅದೇ 4x100 ರಿಲೇಯಲ್ಲಿ ಭಾರತಕ್ಕೆ ಕಂಚು ಬಂತು. ಆ ತಂಡದಲ್ಲೂ ಅವರಿದ್ದರು.

ಮಗ ಓಟಕ್ಕೆ ಹೋಗುತ್ತೇನೆಂದರೆ ತಂದೆತಾಯಿ ಕೇಳುವ ಪ್ರಶ್ನೆ ಒಂದೇ: ಓಡಿದರೆ ಹೊಟ್ಟೆ ತುಂಬುತ್ತದೆಯೇ? ಪ್ರಶ್ನೆ ತಪ್ಪಲ್ಲ. ಟೋಕಿಯೊದಲ್ಲಿ ಪೊವೆಲ್ ಜೊತೆ ಓಡಿದ ಮಖನ್ ಸಿಂಗ್ ಸಾಮಾನ್ಯರಲ್ಲ. 1962ರಲ್ಲಿ ಕಲ್ಕತ್ತದಲ್ಲಿ ಮಿಲ್ಖಾ ಸಿಂಗ್ ಅವರನ್ನೇ ಸೋಲಿಸಿದವರು, ಅದೇ ವರ್ಷ ಜಕಾರ್ತಾದಲ್ಲಿ 4x400 ರಿಲೇ ಚಿನ್ನ ಗೆದ್ದವರು, 1964ರ ಅರ್ಜುನ ಪ್ರಶಸ್ತಿ ಪಡೆದವರು. ಸೇನೆ ಬಿಟ್ಟ ಮೇಲೆ ಅವರು ಲಾರಿ ಓಡಿಸಬೇಕಾಯಿತು. ಅಪಘಾತದಲ್ಲಿ ಒಂದು ಕಾಲು ಹೋಯಿತು. 2002ರಲ್ಲಿ ಬಡತನದಲ್ಲೇ ತೀರಿಕೊಂಡರು. ಒಂದೇ ಕೋಲು ಹಿಡಿದು ಓಡಿದ ಇಬ್ಬರಲ್ಲಿ ಒಬ್ಬರಿಗೆ ಕಾರ್ಖಾನೆಯ ಆಸರೆ ಸಿಕ್ಕಿತು, ಇನ್ನೊಬ್ಬರಿಗೆ ಲಾರಿಯ ಚುಕ್ಕಾಣಿ. ಓಟದ ವೇಗದಲ್ಲಿ ಇಷ್ಟು ದೊಡ್ಡ ಅಂತರ ಖಂಡಿತ ಇರಲಿಲ್ಲ. ಆದ್ದರಿಂದ ಮಗುವಿನ ಕಾಲುಗಳ ಬಗ್ಗೆ ವಿಚಾರಿಸುವಾಗ, ಓಟ ಮುಗಿದ ಮೇಲೆ ಅದಕ್ಕೆ ಏನಿದೆ ಎಂದು ಶಾಲೆಯನ್ನೂ ಸರ್ಕಾರವನ್ನೂ ಕೇಳುವ ಹಕ್ಕು ಪೋಷಕರಿಗಿದೆ.

ಕೆನೆತ್ ಪೊವೆಲ್ 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ 82 ವರ್ಷ.